ನಲ್ಲಿಯಮ್ಮನ ಹಕ್ಕುದಾರರು

ನನ್ನದು ಎಂದು ಹೇಳಿಕೊಳ್ಳಲು ಏನಾದರೂ ಒಂದು ಇರಬೇಕೆಂಬ ಆಸೆ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಬರಬಾರದು. ಚಿಕ್ಕಂದಿನಲ್ಲಿ ಬಂದು ಹೋಗಬೇಕಾದ ಸೀತಾಳೆ ಸಿಡುಬು ದೊಡ್ಡವರಾದ ಮೇಲೆ ಬಂದರೆ ಎಷ್ಟು ಕಾಡುತ್ತದೋ ಇದೂ ಅಷ್ಟೇ ಕಾಡುತ್ತದೆ. ನನಗೆ ಅದು ಐವತ್ತೆರಡರಲ್ಲಿ ಬಂತು. ತಂದು ಹಚ್ಚಿದವರು ನಮ್ಮ ಪ್ರಕಾಶಕರು.

ನಾನು ಕೆಲಸ ಮಾಡುವುದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಸ್ಟೀಲ್ ಪಾತ್ರೆಯ ಅಂಗಡಿಯೊಂದರ ಮಹಡಿಯ ಮೇಲಿರುವ ಮಕ್ಕಳ ಕಾಮಿಕ್ಸ್ ಪ್ರಕಾಶನದಲ್ಲಿ. ಕೆಳಗೆ ಪಾತ್ರೆ, ಮೇಲೆ ಪಾತ್ರ. ಇಪ್ಪತ್ತೆರಡು ವರ್ಷದಿಂದ ನಾನು ಬರೆಯುತ್ತಿರುವ ಪಾತ್ರ ಒಂದೇ: ಪತ್ತೇದಾರ ಚುರುಕಪ್ಪ ಎಂಬ ಅಳಿಲು. ಆ ಅಳಿಲನ್ನು ಹುಟ್ಟಿಸಿದವನು ನಾನಲ್ಲ. ನನಗಿಂತ ಮುಂಚೆ ಇದ್ದ ಕಲಾವಿದರು ನಿವೃತ್ತರಾಗುವಾಗ ಒಂದು ಕುಂಚ, ಅರ್ಧ ಬಾಟಲಿ ಕಪ್ಪು ಇಂಕು, ಒಂದು ಅಳಿಲು, ಇಷ್ಟನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು. ಚುರುಕಪ್ಪ ಪೂರ್ತಿ ಪ್ರಕಾಶನದ ಸೊತ್ತು. ಒಮ್ಮೆ ನನ್ನ ತಂಗಿಯ ಮಗಳ ಹುಟ್ಟುಹಬ್ಬದ ಕೇಕಿನ ಮೇಲೆ ಅವನನ್ನು ಬರೆಸಬೇಕೆಂದು, ಇಪ್ಪತ್ತೆರಡು ವರ್ಷ ಅವನ ಬಾಲ ತಿದ್ದಿದ ನಾನೇ ನಮ್ಮ ಕಚೇರಿಗೆ ಅರ್ಜಿ ಕೊಟ್ಟೆ. ಅನುಮತಿ ಬರುವಷ್ಟರಲ್ಲಿ ಮಗುವಿಗೆ ಇನ್ನೊಂದು ವರ್ಷ ತುಂಬಿತ್ತು.

ಹೀಗಿರುವಾಗ ಒಂದು ದಿನ ನಮ್ಮ ಪ್ರಕಾಶಕ ಶ್ರೀಪಾದರಾಯರು ಬೈಟು ಕಾಫಿ ತರಿಸಿ, ಎಂದೂ ಇಲ್ಲದೆ ದೊಡ್ಡ ಲೋಟವನ್ನು ನನ್ನ ಕಡೆಗೆ ತಳ್ಳಿದರು.

"ಕಾಲ ಬದಲಾಗಿದೆ ಕಣ್ರೀ. ಈಗಿನ ಆರ್ಟಿಸ್ಟ್‌ಗಳು ಬಂದು ಕೂತ್ಕೊಳ್ಳೋಕೆ ಮುಂಚೆನೇ 'ಸಾರ್, ಪಾತ್ರ ಯಾರ್ದು?' ಅಂತ ಕೇಳ್ತಾರೆ. ನಮ್ದು ಅಂದ್ರೆ ಎದ್ದು ಹೋಗ್ತಾರೆ. ಅದಕ್ಕೇ ಒಂದು ಹೊಸ ಮಾಲಿಕೆ ಶುರು ಮಾಡ್ತಿದೀನಿ. ಅದರಲ್ಲಿ ನಾವು ಬರೀ ಅಚ್ಚು ಹಾಕೋದು, ಮಾರೋದು. ಕಥೆ, ಪಾತ್ರ, ಹಕ್ಕು ಎಲ್ಲಾ ಬರೆದೋರ್ದೇ. ಹೆಸರೂ ಇಟ್ಟಾಯ್ತು: 'ನಿಮ್ದೇ'."

"ನಂದಾ?"

"ನಿಮ್ದೇ. ಅದೇ ಹೆಸರು. ಮೊದಲನೇ ಪುಸ್ತಕ ನೀವೇ ಮಾಡಿ."

ಹೆಸರು ಕೇಳಲು ಚೆನ್ನಾಗಿತ್ತು. ಆದರೆ ಮಾರನೆಯ ದಿನವೇ ಬನಶಂಕರಿಯ ಹೊಸ ಮುದ್ರಕರೊಬ್ಬರಿಗೆ ಫೋನ್ ಮಾಡಿದಾಗ ತೊಂದರೆ ಶುರುವಾಯಿತು.

"ಯಾರ್ ಸಾರ್ ಮಾತಾಡ್ತಿರೋದು?"

"ನಿಮ್ದೇ ಕಾಮಿಕ್ಸ್‌ನಿಂದ."

"ನಮ್ದಾ? ನಮ್ದು ಬರೀ ಲಗ್ನಪತ್ರಿಕೆ ಸಾರ್."

"ಅಲ್ಲ ಸಾರ್, ನಿಮ್ದೇ!"

"ಅರೆ, ನಮ್ದೇ ನಮ್ದೇ ಅಂತೀರಲ್ಲ, ನಾನೇ ಓನರು, ನನಗೇ ಗೊತ್ತಿಲ್ಲ!" ಎಂದು ಅವರು ಫೋನ್ ಇಟ್ಟರು.

ಅದಕ್ಕಿಂತ ದೊಡ್ಡ ತೊಂದರೆ ನನ್ನ ಕೈಯಲ್ಲೇ ಇತ್ತು. ಸ್ವಂತ ಪಾತ್ರ ಹುಟ್ಟಿಸಬೇಕೆಂದು ಹೊಸ ಡ್ರಾಯಿಂಗ್ ಪುಸ್ತಕ ತಂದು, ಪೆನ್ಸಿಲ್ ಚೂಪು ಮಾಡಿ, ದೇವರಿಗೆ ಕೈಮುಗಿದು ಕೂತೆ. ಅಳಿಲು ಬಂತು. ಹಾಳೆ ಹರಿದು ರಾಜಕುಮಾರನನ್ನು ಬರೆಯಲು ಹೊರಟೆ. ಕಿರೀಟ, ಖಡ್ಗ, ಮೀಸೆ ಎಲ್ಲಾ ಸರಿಯಾಗಿ ಬಂದವು. ಹಲ್ಲು ಮಾತ್ರ ಮುಂದಿನ ಎರಡೇ ಬಂದವು. ಮೂರನೆಯ ವಾರ ಬಾಹ್ಯಾಕಾಶದಿಂದ ಇಳಿದ ಪೈಲ್ವಾನನೊಬ್ಬನನ್ನು ಬರೆದು ಹೆಂಡತಿ ವೀಣಾಳಿಗೆ ತೋರಿಸಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದವಳು ಕನ್ನಡಕ ಏರಿಸಿ ನೋಡಿದಳು.

"ಚೆನ್ನಾಗಿದೆ ರೀ. ಆದ್ರೆ ಇವನಿಗೂ ಬಾಲ ಇದೆಯಲ್ಲ?"

"ಅದು ರಾಕೆಟ್ಟಿನ ಹೊಗೆ."

"ಹೊಗೆ ಮೇಲೆ ಮೂರು ಪಟ್ಟೆ ಯಾಕಿದೆ?"

ಅಷ್ಟರಲ್ಲಿ ಫೋನ್ ಬಂತು. ಮಾಡಿದವರು ನಮ್ಮ ಮನೆ ಓನರ್ ಜಯಮ್ಮನವರು. ಪುಟ್ಟೇನಹಳ್ಳಿಯಲ್ಲಿ ನಾವಿರುವ ಮೂರು ಮಹಡಿಯ ಕಟ್ಟಡ ಅವರ ಮನೆಯವರ ರಾಗಿ ಹೊಲವಾಗಿದ್ದ ಜಾಗದಲ್ಲಿದೆ. ಅವರು ನೆಲದ ಮಟ್ಟದ ಮನೆಯಲ್ಲಿ, ನಾವು ತುತ್ತತುದಿಯಲ್ಲಿ. ಚಿತ್ರ ಬರೆಯುವವರೆಲ್ಲ ಡ್ರಾಯಿಂಗ್ ಮೇಷ್ಟ್ರು ಎಂದೇ ಅವರ ತಿಳಿವಳಿಕೆ.

"ಮೇಷ್ಟ್ರೇ, ನಿಮ್ಮ ಬಚ್ಚಲುಮನೆ ನಲ್ಲಿ ತೊಟ್ಟಿಕ್ತಾ ಐತೆ. ಸರಿಯಾಗಿ ತಿರುಗ್ಸಿ."

ಓಡಿ ಹೋಗಿ ನೋಡಿದೆ. ನಿಜ. ಒಂದೊಂದೇ ಹನಿ, ಅದೂ ಬಕೆಟ್ಟಿನಲ್ಲಿ ನೆನೆಹಾಕಿದ್ದ ಬಟ್ಟೆಯ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು. ಎದುರಿಗೆ ನಿಂತ ನನಗೇ ಕೇಳಿಸದ್ದು ಮೂರು ಮಹಡಿ ಕೆಳಗಿನವರಿಗೆ ಕೇಳಿಸಿತ್ತು! ಆ ಕ್ಷಣವೇ ನಲ್ಲಿಯಮ್ಮ ಹುಟ್ಟಿದಳು. ಜಗತ್ತಿನ ಯಾವ ಮೂಲೆಯಲ್ಲಿ ನೀರು ಪೋಲಾದರೂ ಅವಳ ಕಿವಿಗೆ ಬೀಳುತ್ತದೆ. ಸ್ಪ್ಯಾನರ್ ಹಿಡಿದು ಹಾರಿ ಬರುತ್ತಾಳೆ. ಹಾರುವವರಿಗೆ ಬೆನ್ನ ಹಿಂದೆ ಪಟಪಟನೆ ಬಡಿಯಲು ಒಂದು ಬಟ್ಟೆ ಬೇಕಲ್ಲ, ಅದಕ್ಕೂ ನಾನು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಹೂವಿನ ನೈಟಿ, ಹೆಗಲ ಮೇಲೊಂದು ಟವೆಲ್ಲು: ಜಯಮ್ಮನವರ ದಿನನಿತ್ಯದ ಉಡುಪೇ ಸಾಕಾಯಿತು. ಎದುರಾಳಿಯಾಗಿ, ಊರಿನ ನೆಲದಡಿಯ ಸಂಪುಗಳ ನೀರನ್ನೆಲ್ಲ ಸೊಂಡಿಲಿನಿಂದ ಹೀರುವ ಟ್ಯಾಂಕರಾಸುರ. ಹನ್ನೊಂದು ದಿನದಲ್ಲಿ ಇಪ್ಪತ್ತನಾಲ್ಕು ಪುಟ ಮುಗಿಸಿದೆ. ಎಲ್ಲೂ ಬಾಲವಿರಲಿಲ್ಲ. ಕೊನೆಯ ಪುಟದ ಕೆಳಗೆ 'ಹಕ್ಕುಗಳು: ಚಿತ್ರಕಾರರವು' ಎಂದು ಬರೆದು, ಅದನ್ನೇ ಹತ್ತು ಸಲ ಓದಿಕೊಂಡೆ.

ರಾಯರು ಪುಟಗಳನ್ನು ನೋಡಿ ಮೇಜು ಕುಟ್ಟಿ ಹೊಗಳಿದರು. ಆಮೇಲೆ ಒಪ್ಪಂದದ ಕಾಗದ ಕೊಟ್ಟರು. ಅದರ ಏಳನೆಯ ಕಲಮನ್ನು ಎರಡೆರಡು ಸಲ ಓದಿದೆ. ಪಾತ್ರವು ಬದುಕಿರುವ ಯಾರನ್ನಾದರೂ ಹೋಲುತ್ತಿದ್ದರೆ ಅವರ ಲಿಖಿತ ಒಪ್ಪಿಗೆಯನ್ನು ತರತಕ್ಕದ್ದು.

"ಇದು ಯಾರ ಥರನೂ ಇಲ್ಲ ತಾನೇ?" ಎಂದರು ರಾಯರು.

"ಛೆ ಛೆ, ಪೂರ್ತಿ ಕಲ್ಪನೆ" ಎಂದೆ.

ಮನೆಗೆ ಬಂದು ವೀಣಾಳಿಗೆ ಹೇಳಿದರೆ, "ಕೆಳಗಿಳಿದು ಹೋಗಿ ಕೇಳ್ರೀ, ಮುಗೀತು" ಎಂದಳು. ಕೇಳುವುದು ಹೇಗೆ? 'ಅಮ್ಮಾ, ನಿಮ್ಮನ್ನು ನೈಟಿಯಲ್ಲಿ ಆಕಾಶದ ಮೇಲೆ ಹಾರಿಸಿದ್ದೇನೆ, ಇಲ್ಲೊಂದು ರುಜು ಹಾಕಿ' ಎಂದು ಕೇಳಲಾದೀತೇ? ಹದಿನಾಲ್ಕು ವರ್ಷದಿಂದ ಇರುವ ಮನೆ. ಕೆರೆಯ ಕಡೆಯಿಂದ ಗಾಳಿ ಬರುತ್ತದೆ, ವೀಣಾಳ ತುಳಸಿ, ಕರಿಬೇವು ಎಲ್ಲಾ ತಾರಸಿಯಲ್ಲಿವೆ. ಓನರಮ್ಮ ಮುನಿಸಿಕೊಂಡು ಖಾಲಿ ಮಾಡಿ ಎಂದರೆ ಕುಂಡಗಳನ್ನು ಹೊತ್ತು ಎಲ್ಲಿಗೆ ಹೋಗುವುದು? ಅದಕ್ಕಾಗಿ ಹೋಲಿಕೆ ಮರೆಸಲು ಕೂತೆ. ನಲ್ಲಿಯಮ್ಮನನ್ನು ಸಣ್ಣಗೆ ಮಾಡಿದೆ. ಥೇಟ್ ವೀಣಾಳ ಹಾಗೆ ಕಂಡಳು. ಅದು ಇನ್ನೂ ಅಪಾಯ. ಮೂಗುತಿ ತೆಗೆದು ಕನ್ನಡಕ ಹಾಕಿದೆ. ರಾಯರ ಅಕ್ಕನ ಹಾಗೆ ಕಂಡಳು. ಕೊನೆಗೆ ಮೂಗುತಿಯನ್ನು ಎಡದಿಂದ ಬಲಕ್ಕೆ ಬದಲಾಯಿಸಿ, ಇನ್ನು ಯಾರಪ್ಪನಿಗೂ ಗುರುತು ಸಿಗುವುದಿಲ್ಲ ಎಂಬ ನೆಮ್ಮದಿಯಲ್ಲಿ ಶುಕ್ರವಾರ ಪುಟಗಳನ್ನು ರಾಯರಿಗೆ ಒಪ್ಪಿಸಿದೆ.

ಶನಿವಾರ ಬೆಳಿಗ್ಗೆ ರಾಯರು ಒಪ್ಪಂದಕ್ಕೆ ನನ್ನ ರುಜು ಪಡೆಯಲು ತಾವೇ ಮನೆಗೆ ಬಂದರು. ನಾನು ಮೇಲಿನಿಂದ ಬಗ್ಗಿ ನೋಡುವಾಗ ಅವರು ಗೇಟಿನ ಒಳಗೆ ನಿಂತಿದ್ದರು. ಎದುರಿಗೆ ಜಯಮ್ಮನವರು ಸಂಪಿನ ಮುಚ್ಚಳ ತೆಗೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದರು. ರಾಯರು ಬಾಯಿ ತೆರೆದವರು ಮುಚ್ಚಲಿಲ್ಲ.

"ಅಮ್ಮಾ, ತಪ್ಪು ತಿಳ್ಕೋಬೇಡಿ, ನಿಮ್ಮನ್ನ ನಿನ್ನೆ ತಾನೇ ನೋಡ್ದೆ. ನೀವು ಜೆ.ಪಿ. ನಗರದ ಮೇಲೆ ಹಾರ್ತಾ ಇದ್ರಿ" ಎಂದರು.

ನಾನು ಅರವತ್ತು ಮೆಟ್ಟಿಲನ್ನು ಹೇಗೆ ಇಳಿದೆನೋ ತಿಳಿಯದು. ಅಷ್ಟರಲ್ಲಿ ರಾಯರು ಚೀಲದಿಂದ ಪುಟಗಳನ್ನು ತೆಗೆದು ಕೊಟ್ಟಾಗಿತ್ತು. ಜಯಮ್ಮನವರು ಮೆಟ್ಟಿಲ ಮೇಲೆ ಕೂತು, ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ ಹಾಳೆ ತಿರುವಿದರು. ಮುಖದಲ್ಲಿ ನಗೆಯೂ ಇಲ್ಲ, ಸಿಟ್ಟೂ ಇಲ್ಲ. ಇಪ್ಪತ್ತನಾಲ್ಕು ಪುಟ. ನಾನು ಮನಸ್ಸಿನಲ್ಲೇ ಪಾತ್ರೆಪಗಡಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ.

"ಇದು ನಾನಲ್ವಾ ಮೇಷ್ಟ್ರೇ?"

"ಇಲ್ಲಮ್ಮಾ, ಕಲ್ಪನೆ. ನೋಡಿ, ಮೂಗುತಿ ಬಲಗಡೆ ಇದೆ."

"ಕಲ್ಪನೆಗೆ ನನ್ನ ನೈಟಿ ಹೂವು ಹೆಂಗ್ ಗೊತ್ತಾಯ್ತು?"

ನಾನು ಸಂಪಿನೊಳಗೆ ನೋಡಿದೆ. ಹಾರಿಕೊಳ್ಳುವಷ್ಟು ನೀರಿರಲಿಲ್ಲ.

"ಹೋಗ್ಲಿ ಬಿಡಿ. ಆದ್ರೆ ಇದೇನು, ಒಂಬತ್ತನೇ ಪುಟದಲ್ಲಿ? ನಲ್ಲಿ ಸೋರ್ತಾ ಐತೆ, ಇವಳು ಟೀ ಕುಡ್ಕೊಂಡು ಕೂತವಳೆ! ನಾನ್ ಯಾವತ್ತಾದ್ರೂ ಹಂಗ್ ಕೂತಿದೀನಾ?" ಅವರ ದನಿ ಈಗ ಏರಿತು. "ಇಲ್ನೋಡಿ, ಸ್ಪ್ಯಾನರ್ ಉಲ್ಟಾ ಹಿಡಿದವಳೆ. ವಾಷರ್ ಬದಲಾಯಿಸ್ದೆ ಬರೀ ಬಿಗಿ ಮಾಡಿದ್ರೆ ನಾಳೆ ಮತ್ತೆ ಸೋರಲ್ವಾ? ನಿಮ್ಮ ಹೀರೋಯಿನ್‌ಗೆ ಕೆಲಸನೇ ಬರಲ್ಲ ಮೇಷ್ಟ್ರೇ! ನಾಲ್ಕು ಜನ ಓದ್ದೋರು ಜಯಮ್ಮಂಗೆ ವಾಷರ್ ಹಾಕಕ್ ಬರಲ್ಲ ಅಂದ್ಕೊಳ್ಳಲ್ವಾ?"

ರಾಯರು ಆನಂದದಿಂದ ಜೇಬಿನ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. "ಇನ್ನೇನಮ್ಮಾ ತಪ್ಪಿದೆ?"

"ಇವಳಿಗೆ ಸಿಡಿಲು ಹೊಡೆದು ಕಿವಿ ಚುರುಕಾಯ್ತು ಅಂತ ಬರೆದವ್ರೆ. ಸಿಡಿಲು ಹೊಡೆದ್ರೆ ಕಿವುಡಾಗ್ತಾರೆ." ಜಯಮ್ಮನವರು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡರು. "ನಾನ್ ಲಗ್ನ ಆಗಿ ಬಂದಾಗ ಇಡೀ ಬೀದಿಗೆ ಒಂದೇ ನಲ್ಲಿ. ನೀರು ಎಷ್ಟೊತ್ತಿಗೆ ಬರತ್ತೆ ಅಂತ ಯಾರಿಗೂ ಗೊತ್ತಿಲ್ಲ. ಬರಕ್ ಮುಂಚೆ ಪೈಪಲ್ಲಿ ಸುಯ್ ಅಂತ ಗಾಳಿ ಬರ್ತಿತ್ತು. ಆ ಸದ್ದು ನನಗೇ ಮೊದ್ಲು ಕೇಳ್ಸೋದು. ನಾನು ಕೂಗಿದ್ರೆ ಎಲ್ಲಾ ಹೆಂಗಸ್ರೂ ಬಿಂದಿಗೆ ತಗೊಂಡು ಓಡಿ ಬರೋರು. ಹೊಸ ಸೊಸೆ, ಮನೇಲಿ ನನ್ನ ಮಾತು ಯಾರೂ ಕೇಳ್ತಿರ್ಲಿಲ್ಲ. ಆದ್ರೆ ನೀರು ಬಂತು ಅಂದ್ರೆ ಇಡೀ ಬೀದಿ ಕೇಳ್ತಿತ್ತು."

ನಾನು ಹನ್ನೊಂದು ದಿನ ತಲೆ ಕೆರೆದುಕೊಂಡು ಸಿಡಿಲು ಹೊಡೆಸಿದ್ದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ನನ್ನ ಕಥೆಗಿಂತ ಒಳ್ಳೆಯ ಕಥೆ ಹೇಳಿಬಿಟ್ಟಿದ್ದರು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

"ಹುಟ್ಟಿನ ಕಥೆ ಅಮ್ಮನವರದು, ಚಿತ್ರ ನಿಮ್ದು. ಮಾಲಿಕೆ ನಿಯಮದ ಪ್ರಕಾರ ಇಬ್ರೂ ಹಕ್ಕುದಾರರು" ಎಂದು ರಾಯರು ಅಲ್ಲೇ ತೀರ್ಪು ಕೊಟ್ಟರು. ಜಯಮ್ಮನವರು, ತಪ್ಪೆಲ್ಲ ತಿದ್ದುವವರೆಗೆ ರುಜು ಹಾಕುವುದಿಲ್ಲ ಎಂದರು. ಹದಿನೈದು ಪುಟ ಹೊಸದಾಗಿ ಬರೆದೆ. ಪ್ರತಿ ಪುಟವನ್ನೂ ಕೆಳಗಿನ ಮನೆಗೆ ಒಯ್ದು ಪಾಸು ಮಾಡಿಸಿಕೊಳ್ಳಬೇಕಿತ್ತು. ಟ್ಯಾಂಕರಾಸುರನನ್ನು ಕೊಲ್ಲಕೂಡದು, ಅವನಿಂದಲೇ ಊರಿನ ಸಂಪುಗಳನ್ನೆಲ್ಲ ತೊಳೆಸಬೇಕು ಎಂದರು. ತೊಳೆಸಿದೆ. ಮೂಲೆಗಳು ಸರಿಯಾಗಿ ಉಜ್ಜಿಲ್ಲ ಎಂದರು. ಇನ್ನೊಮ್ಮೆ ಉಜ್ಜಿಸಿದೆ. ಕಥೆ ಚೆನ್ನಾಗಾಗುತ್ತಿದೆ ಎಂಬುದು ನನಗೂ ಕಾಣುತ್ತಿತ್ತು. ಅದೇ ನನ್ನ ಸಂಕಟ.

ಪುಸ್ತಕ ಬಿಡುಗಡೆ ಭಾನುವಾರ ಬೆಳಿಗ್ಗೆ ಜಯನಗರದ ಒಂದು ಪುಸ್ತಕದ ಅಂಗಡಿಯಲ್ಲಿ ನಡೆಯಿತು. ನಾನು ಹೊಸ ಜುಬ್ಬಾ ಹಾಕಿಕೊಂಡು, ಹಸ್ತಾಕ್ಷರಕ್ಕೆಂದು ಎರಡು ಪೆನ್ನು ಇಟ್ಟುಕೊಂಡು ಹೋಗಿದ್ದೆ. ಜಯಮ್ಮನವರು ರೇಷ್ಮೆ ಸೀರೆಯಲ್ಲಿ ಬಂದರು. ಮಕ್ಕಳು ಪುಸ್ತಕದ ರಕ್ಷಾಪುಟ ನೋಡಿದರು, ಅವರನ್ನು ನೋಡಿದರು, ಅನುಮಾನದಿಂದ ಹಿಂದೆ ಸರಿದರು. ಜಯಮ್ಮನವರು ಬ್ಯಾಗಿನಿಂದ ಟವೆಲ್ಲು ತೆಗೆದು ರೇಷ್ಮೆ ಸೀರೆಯ ಮೇಲೆ ಹಾಕಿಕೊಂಡರು. ಅಂಗಡಿ ಹಾರಿಹೋಗುವಂತೆ ಮಕ್ಕಳು ಕಿರುಚಿದರು. ಸಾಲು ಬಾಗಿಲು ದಾಟಿ ಫುಟ್‌ಪಾತಿಗೆ ಹೋಯಿತು. ನನ್ನ ಎರಡು ಪೆನ್ನುಗಳಲ್ಲಿ ಒಂದನ್ನು ಅವರೇ ಇಸಿದುಕೊಂಡರು. ಅದು ಮುಗಿದಾಗ ಇನ್ನೊಂದನ್ನೂ ಇಸಿದುಕೊಂಡರು. "ನಲ್ಲಿಯಮ್ಮ ಆಂಟಿ, ನಮ್ಮನೆ ನಲ್ಲಿ ಈಗ ಸೋರ್ತಿದೆಯಾ?" ಎಂದು ಒಬ್ಬ ಕೇಳಿದ. ಅವರು ಕಣ್ಣು ಮುಚ್ಚಿ ಕಿವಿಗೊಟ್ಟು, "ಅಡಿಗೆಮನೇದು. ಹೋಗಿ ನೋಡು" ಎಂದರು. ಅವನ ಅಮ್ಮ ನಿಜಕ್ಕೂ ಗಾಬರಿಯಾಗಿ ಮನೆಗೆ ಫೋನ್ ಮಾಡಿದಳು.

ಎಲ್ಲಾ ಮುಗಿಯುವ ಹೊತ್ತಿಗೆ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಜಯಮ್ಮನವರ ರುಜು ಪಡೆದು, ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ ನನ್ನನ್ನೇ ದಿಟ್ಟಿಸಿದಳು. ನನ್ನ ಎದೆ ಸ್ವಲ್ಪ ಉಬ್ಬಿತು.

"ಆಂಟಿ, ಈ ಅಂಕಲ್ ಯಾರು?"

"ಇವ್ರಾ?" ಜಯಮ್ಮನವರು ಅಭಿಮಾನದಿಂದಲೇ ನನ್ನ ಬೆನ್ನು ತಟ್ಟಿದರು. "ನಮ್ಮ ಮನೆ ಬಾಡಿಗೆಯವ್ರು ಪುಟ್ಟಿ. ತುಂಬಾ ಒಳ್ಳೇವ್ರು. ಇವ್ರ ಹತ್ರನೂ ಒಂದು ಸೈನ್ ಹಾಕಿಸ್ಕೋ, ಪಾಪ."

ಪೆನ್ನು ಅವರಿಂದಲೇ ಕೇಳಿ ಇಸಿದುಕೊಂಡೆ. ಅವರ ರುಜು ಪುಟದ ತುಂಬ ಇತ್ತು. ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ ನನ್ನ ಹೆಸರು ಬರೆದೆ. ಹುಡುಗಿಗೆ ಅದು ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ. ಅದಕ್ಕೇ ಹೆಸರಿನ ಮುಂದೆ, ಗೌರವ ಇರಲೆಂದು, 'ಮೂರನೇ ಮಹಡಿ' ಎಂದು ಸೇರಿಸಿದೆ.