ತಮ್ಮನ ಗಾಡಿಗೆ ತಂಪು ಗಾಳಿ

ಕಲಬುರಗಿ ಬ್ಯಾಸಗ್ಯಾಗ ತಂಪು ಗಾಳಿ ಹುಡುಕಾಕ ಹೊಂಟ ಶ್ಯಾಣ್ಯಾ ಈ ಊರಾಗ ಒಬ್ಬನೇ ಅದಾನ. ಅವ ನನ್ನ ತಮ್ಮ. ಹುಡುಕಿದ್ದು ತನಗಲ್ಲ, ತನ್ನ ಕಾರಿಗೆ!

ಅರವತ್ತೆರಡು ವರ್ಷದ ಮನಷ್ಯಾ. ಮೂವತ್ತು ವರ್ಷ ತೊಗರಿಬ್ಯಾಳಿ ಮಿಲ್ಲು ನಡಿಸಿ, ಅದನ್ನ ಮಗನ ಕೈಗೆ ಕೊಟ್ಟ ಮರುವಾರ ಒಂದು ಕೆಂಪು ಕಾರು ತಂದ. ಹಳೇದು, ಆದರ ಓಟದ ಗಾಡಿ ಅಂತ. ನೆಲಕ್ಕ ಹತ್ತಿಕೊಂಡು ಕೂತದ. ಅದರಾಗ ಕೂಡಬೇಕಂದರ ಬಾವ್ಯಾಗ ಇಳದಂಗ ಇಳೀಬೇಕು, ಏಳಬೇಕಂದರ ಇಬ್ಬರು ಜಗ್ಗಬೇಕು. ಎದ್ದ ಮ್ಯಾಲ ನಾ ಬಾಗಿಲಾ ಹಿಡಕೊಂಡು ಒಂದೀಟು ಉಸಿರು ತಗೋತೀನಿ. ಎಪ್ಪತ್ತು ದಾಟಿದಾಕಿಗೆ ಇದೇನು ಹೊಸದಲ್ಲ. ಯಾರಿಗೂ ಹೇಳೂದೂ ಇಲ್ಲ.

ಇಂಜಿನ್ ಗಾಳಿ ಎಳಕೊಳ್ಳೋ ಕೊಳವಿ ಬದಲಾಸಿ ತಂಪು ಗಾಳಿ ಕೊಟ್ಟರ ಗಾಡಿ ಇನ್ನೂ ಜೋರು ಓಡ್ತದಂತ. ಆ ಸಾಮಾನಿನಾಗ ಎರಡು ಥರ. ಒಂದು ಓಪನ್ ಫಿಲ್ಟರ್. ಇಂಜಿನ್ ಮಗ್ಗಲದಾಗ ಬರಿಮೈಲೆ ಕೂಡ್ತದ, ಸುಂಯ್ ಅಂತ ದೊಡ್ಡ ಸದ್ದು ಮಾಡ್ತದ. ಇನ್ನೊಂದು ಡಬ್ಬಿದು. ಫಿಲ್ಟರ್ ಡಬ್ಬ್ಯಾಗ ಮುಚ್ಚಿರ್ತದ, ಕೊಳವಿಲೆ ಹೊರಗಿನ ಗಾಳಿ ತರ್ತದ, ಸದ್ದು ಕಮ್ಮಿ. ಇವೆರಡರಾಗ ಒಂದು ಆರಿಸಾಕ ನನ್ನ ತಮ್ಮ ಆರು ತಿಂಗಳು ತಗೊಂಡ. ಹೆಣ್ತಿ ಆರಿಸಾಕ ಅರ್ಧಾ ತಾಸು ತಗೊಂಡಿದ್ದ, ಅದರಾಗೂ ಚಹಾ-ಸುಸಲಾಕ್ಕ ಹೋದದ್ದೇ ಹೆಚ್ಚು.

ದಿನಾ ಮುಂಜಾನೆ ಖೂಬಾ ಪ್ಲಾಟಿನ ಮನಿ ಮುಂದ ಬಾನೆಟ್ ಎತ್ತಿ, ಒಳಗಿನ ಬಿಸಿ ನೋಡಾಕ ಥರ್ಮಾಮೀಟರ್ ಇಡ್ತಿದ್ದ. ಮೊಮ್ಮಗಳ ಜ್ವರ ನೋಡೋ ಥರ್ಮಾಮೀಟರ್ ಅದು. ಒಂದಿನ ಟಪ್ ಅಂತ ಒಡೀತು. ಅವನ ಸೊಸಿ ಕೇಳಿದಳು, "ಮಾವಾರ, ಜ್ವರ ಎಷ್ಟದರೀ?"

"ಪೇಷಂಟ್ ಉಳಿಯೋದು ಕಷ್ಟದವ್ವ," ಅಂದ.

ಕಡೀಕ ನಾನೇ ಅವನ ಜೋಡಿ ಕುಸನೂರ ರಸ್ತೆದ ಗ್ಯಾರೇಜಿಗೆ ಹೋದೆ. ನಾ ಮೂರನೇ ಇಯತ್ತೆಗೆ ಸಾಲಿ ಬಿಟ್ಟಾಕಿ. ಆದರ ನಲವತ್ತು ಬ್ಯಾಸಗಿ ಕೂಲರ್ ಹಚ್ಚೀನಿ. ಅಲ್ಲಿನ ಉಸ್ತಾದಗ ಕೇಳಿದೆ, "ಭಾಯಿ, ಮನ್ಯಾಗ ಕೂಲರ್ ಕಿಡಕಿಗೆ ಹಚ್ಚತೀರೋ, ಒಲಿ ಮಗ್ಗಲದಾಗ ಇಡತೀರೋ?"

"ಕಿಡಕಿಗೇ ಅಮ್ಮಾ."

"ಮತ್ತ ಈ ಓಪನ್ ಫಿಲ್ಟರ್ ಒಲಿ ಮಗ್ಗಲದಾಗ ಕೂತದಲ್ಲ! ಕುದಿಯೋ ಗಾಳೀನೇ ಎಳೀತದ. ಡಬ್ಬಿದು ಹಾಕ್ರಿ."

ಉಸ್ತಾದ ನಕ್ಕ. "ಅಮ್ಮಾ ಸಚ್ಚಿ ಬೋಲ್ರೈ, ಸಾಹೇಬ್. ಖರೇ ಮಾತು. ಆರು ತಿಂಗಳಿಂದ ನಾನೂ ಇದನ್ನೇ ಹೇಳಾಕತ್ತೀನಿ."

"ನನಗೂ ಗೊತ್ತದ," ಅಂದ ನನ್ನ ತಮ್ಮ. "ಆದರ ಓಪನ್ನೇ ಹಾಕ್ರಿ."

ಗೊತ್ತಿದ್ದೂ ಒಲಿ ಮಗ್ಗಲದಾಗ ಕೂಲರ್ ಇಡೋ ಮನಷ್ಯಾಗ ಏನನ್ನಬೇಕು?

ಆ ಐತವಾರ ಕೆಂಪು ಬಾಳಿಹಣ್ಣು ತರಾಕ ಅಂತ ಕಮಲಾಪುರಕ್ಕ ಹೊಂಟಿವಿ. ದಾರಿ ತುಂಬ ಸುಂಯ್ ಸುಂಯ್. ನಾ ಸೆರಗಲೆ ಕಿವಿ ಮುಚ್ಚಿಕೊಂಡೆ. ಅವ ಕೇಳಿದ, "ಅಕ್ಕಾ, ಸದ್ದು ಬರಾಕತ್ತದೇನು?"

"ಸತ್ತವರು ಎದ್ದು ಕೂಡೂವಂಗ ಬರಾಕತ್ತದ."

ಊರು ಹತ್ರ ಬಂದಾಗ ಗಾಡಿ ಸಣ್ಣ ಮಾಡಿದ. ಹಿಂದ ಒಂದು ಲಾರಿ ಹಾರ್ನ್ ಹೊಡೀತು. ಇವ ಸರೀಲಿಲ್ಲ. ಮತ್ತ ಹೊಡೀತು, ಮತ್ತ ಹೊಡೀತು. ನಾ ಹೆಗಲಿಗೆ ಒಂದು ಬಡದ ಮ್ಯಾಲ ಸರದ. ಲಾರಿಯವ ನಮ್ಮ ಏಳು ತಲಿಮಾರಿನವರನ್ನ ಬೈಕೋತ ದಾಟಿಹೋದ. "ಎಲ್ಲಿತ್ತದು?" ಅಂದ ನನ್ನ ತಮ್ಮ.

ಬಾಳಿಹಣ್ಣಿನ ಗಾಡಿ ಮುಂದ ಅವ ಗೊನಿ ಆರಿಸ್ತಿದ್ದ. ನಾ ಬೆನ್ನ ಹಿಂದ ನಿಂತು ಅಂದೆ, "ನಿನ್ನ ಕಾಲಾಗ ಚೇಳದ." ಹಣ್ಣು ಮಾರಾಕಿ ಹಾರಿ ಬಿದ್ದಳು. ಇವ ಹಣ್ಣು ಒತ್ತಿ ನೋಡಿಕೋತ ನಿಂತಾನ.

ಮುಂದ ಬಂದು ಮಾರಿ ನೋಡಿ ಕೇಳಿದೆ, "ಎಂದಿನಿಂದ?"

ಕೈಯಾಗಿನ ಹಣ್ಣು ಕೆಳಗಿಟ್ಟ. "ಎರಡು ವರ್ಷ ಆತು, ಅಕ್ಕಾ. ಮಿಲ್ಲಿನ ಸದ್ದು ಕಿವಿ ತಿಂದದ. ಎದುರಿಗಿದ್ದವರ ತುಟಿ ನೋಡಿ ತಿಳಕೋತೀನಿ. ಗಾಡಿ ತಗೊಂಡಾಗ ಇಂಜಿನ್ ಸದ್ದಷ್ಟರ ಕೇಳ್ತಿತ್ತು. ಈಗ ಅದೂ ಹೊಂಟದ. ಜೋರು ಸದ್ದಿಂದು ಹಾಕಿಸಿದರ ಇನ್ನೊಂದಿಷ್ಟು ದಿನ..."

ನನಗ ಸಮಾಧಾನ ಹೇಳಾಕ ಬರೂದಿಲ್ಲ. "ಆರು ತಿಂಗಳು ಗಾಡಿ ಮೂಗು ನೋಡಿದಿ. ನಿನ್ನ ಕಿವಿ ಯಾರು ನೋಡಬೇಕು? ಕೀಲಿ ತಾ. ಕಿವಿ ಮಷೀನು ಹಾಕ್ಕೊಂಡ ದಿನ ಕೊಡ್ತೀನಿ."

ಬಾಳಿಗೊನಿ ಹೊತ್ತುಕೊಂಡು ಇಬ್ಬರೂ ಬಸ್ಸಿನಾಗ ಬಂದಿವಿ. ಓಟದ ಗಾಡಿಯನ್ನ ಮರುದಿನ ಅವನ ಮಗ ತಂದ.

ತಮ್ಮ ಜಗತ್ ಸರ್ಕಲ್ಲಿನ ದವಾಖಾನ್ಯಾಗ ಕಿವಿ ತೋರಿಸಿ, ಮಷೀನು ಹಾಕಿಸಿಕೊಂಡ. ಉಸ್ತಾದ ಫಿಲ್ಟರ್ ಬದಲಾಸಿ ಡಬ್ಬಿದು ಕೂಡಿಸಿದ. ನಾ ಕೀಲಿ ಕೊಟ್ಟೆ, ಬಾವ್ಯಾಗ ಇಳದಂಗ ಇಳದು ಕೂತೆ.

ಇಂಜಿನ್ ಚಾಲೂ ಮಾಡಿ ಕಣ್ಣು ಮುಚ್ಚಿದ. ಸಾಲಿ ಹುಡುಗನಂಗ ನಕ್ಕ. ಆಮ್ಯಾಲ ನಗು ನಿಂತಿತು. ಕಿವಿ ಮಷೀನು ಮುಟ್ಟಿ ನೋಡಿಕೊಂಡ. ಗಾಡಿ ಬಂದ್ ಮಾಡಿದ.

"ಯಾಕೋ, ಸದ್ದು ಬರವಲ್ದೇನು?"

"ಬರಾಕತ್ತದ. ಆದರ ಅಕ್ಕಾ, ಈ ಸುಂಯ್ ಅನ್ನೋದು ಗಾಡಿದಲ್ಲ." ನನ್ನ ಕಡೆ ತಿರುಗಿದ. "ನಿನ್ನ ಉಸಿರಿಂದು. ಎಂದಿನಿಂದ?"

"ಸುಮ್ಮನ ಓಡಸು," ಅಂದೆ.

ಕೀಲಿ ತೆಗದು ನನ್ನ ಉಡ್ಯಾಗ ಇಟ್ಟ. "ದವಾಖಾನಿಗೆ ಬರ್ತೀನಿ ಅಂದರ ವಾಪಸ್ ಕೊಡು," ಅಂದು ಕೈ ಕಟ್ಟಿ ಕೂತ.

ಒಂದೀಟು ಹೊತ್ತು ಅವನ್ನ ಹಂಗೇ ಕೂಡಿಸಿದೆ. ಆಮ್ಯಾಲ ಕೀಲಿ ಕೊಟ್ಟೆ.