ಅತ್ತೆಯ ಅಣಬೆ ಜಾಗ ಮತ್ತು ನನ್ನ ಕೈಗಡಿಯಾರ

ಅನುಮತಿ ಕೊಡುವ ವಿಷಯದಲ್ಲಿ ನಾನು ಬಹಳ ಬಿಗಿ ಮನುಷ್ಯ ಎಂದು ಕಾರವಾರದ ನಮ್ಮ ಕಚೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಲವರು ಹಲ್ಲು ಕಡಿದುಕೊಂಡು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಮೂರು ಆಕ್ಷೇಪಣೆ ಬರೆಯದೆ ಒಂದು ಕಡತವನ್ನೂ ನಾನು ಮುಂದೆ ಕಳಿಸಿದವನಲ್ಲ. ಸಹಿ ಇದ್ದರೆ ಮೊಹರು ಎಲ್ಲಿ ಎನ್ನುತ್ತೇನೆ, ಮೊಹರು ಇದ್ದರೆ ಅದು ಓರೆಯಾಗಿದೆ ಎನ್ನುತ್ತೇನೆ. ಇಂಥ ನಾನು, ನನ್ನ ಹುಟ್ಟುಹಬ್ಬಕ್ಕೆ ಹೆಂಡತಿ ಸುಜಾತಾ ತಂದುಕೊಟ್ಟ ಸ್ಮಾರ್ಟ್‌ವಾಚ್ ಕಟ್ಟಿಕೊಂಡ ದಿನ ಏನು ಮಾಡಿದೆ ಗೊತ್ತೇ? ಅದು ನನ್ನ ಫೋನಿನಲ್ಲಿ ಒಂದಾದ ಮೇಲೊಂದು ಪ್ರಶ್ನೆ ಕೇಳಿತು. ನೀವು ಇರುವ ಜಾಗ ನೋಡಲೇ? ನಿಮ್ಮ ಎದೆಬಡಿತ ಎಣಿಸಲೇ? ನಿಮ್ಮ ಪರಿಚಯದವರಿಗೆ ತಿಳಿಸಲೇ? ಕಾಯಿ ರೊಟ್ಟಿ ತಣ್ಣಗಾಗುತ್ತಿದೆ ಎಂದು ಸುಜಾತಾ ಒಳಗಿನಿಂದ ಕೂಗುತ್ತಿದ್ದಳು. ನಾನು ಏಳೂ ಪ್ರಶ್ನೆಗಳಿಗೆ ಓದದೆ "ಅನುಮತಿಸು" ಒತ್ತಿ ರೊಟ್ಟಿಗೆ ಹೋದೆ.

ಆ ಮೇಲೆ ಸುಮಾರು ಎರಡು ತಿಂಗಳು ನಾವಿಬ್ಬರೂ, ಅಂದರೆ ನಾನು ಮತ್ತು ವಾಚು, ಸುಖವಾಗಿ ಸಂಸಾರ ಮಾಡಿದೆವು. ಹಬ್ಬುವಾಡದ ನಮ್ಮ ಮನೆಯ ಹತ್ತಿರ, ಬೆಳಿಗ್ಗೆ ಕಡಲ ದಂಡೆಯಲ್ಲಿ ನಡೆಯುವ ನಲವತ್ತು ಮಂದಿಯ ಬಳಗವೊಂದು ನಮ್ಮದಿದೆ. ಅದರ ಯಜಮಾನರು ವಸಂತಣ್ಣ. ಮಲ್ಲಾಪುರದ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಳತೆ, ಮಾಪನ, ನಿಗಾ ಎಂದರೆ ಅವರಿಗೆ ಪ್ರಾಣ. ಎಲ್ಲರ ಫೋನಿಗೂ ಒಂದು ನಡಿಗೆ ಆ್ಯಪ್ ಹಾಕಿಸಿ, ಯಾರು ಎಷ್ಟು ನಡೆದರು ಎಂದು ದಿನವೂ ಹಾಜರಿ ತೆಗೆದುಕೊಳ್ಳುತ್ತಿದ್ದರು. ನನ್ನ ವಾಚು ನಾನು ನಡೆದ ದಾರಿಯ ನಕ್ಷೆಯನ್ನು, ಎದೆಬಡಿತದ ಲೆಕ್ಕದ ಸಮೇತ, ತಾನಾಗಿಯೇ ಬಳಗಕ್ಕೆ ಕಳಿಸುತ್ತಿತ್ತು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಬರುವುದಾದರೂ ಹೇಗೆ? ಕಡಲ ದಂಡೆಯಲ್ಲಿ ಹೋಗಿ ಬಂದರೆ ನಕ್ಷೆಯಲ್ಲಿ ಒಂದು ಉದ್ದ ಗೆರೆ, ಅದೂ ಎಲ್ಲರದ್ದೂ ಒಂದೇ ಗೆರೆ. ಅದನ್ನು ಬಿಡಿಸಿ ನೋಡುವ ವ್ಯವಧಾನ ಯಾರಿಗಿತ್ತು!

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಸುಜಾತಾಳ ತವರು ಅಂಕೋಲಾ ತಾಲೂಕಿನಲ್ಲಿ, ಹಾರವಾಡದ ಆಚೆ, ಗುಡ್ಡೆಯ ಬುಡದಲ್ಲಿ. ಅತ್ತೆ ದೇವಮ್ಮನಿಗೆ ಎಪ್ಪತ್ತು ದಾಟಿದರೂ ಗದ್ದೆ, ದನ, ಮನೆ ಮೂರೂ ಅವರ ಕೈಯಲ್ಲೇ ಇವೆ. ಅವರಿಗೊಂದು ಆಸ್ತಿ ಇದೆ, ಯಾವ ಪಹಣಿಯಲ್ಲೂ ಇಲ್ಲದ್ದು. ಮಳೆಗಾಲದ ಆರಂಭದಲ್ಲಿ ಗುಡುಗು ಬಂದ ಮೂರನೆಯ ದಿನ ಗುಡ್ಡೆಯ ಯಾವುದೋ ಹುತ್ತದ ಬಳಿ ಅಣಬೆ ಏಳುತ್ತದೆ. ಆ ಜಾಗ ಅವರ ಅತ್ತೆ ಅವರಿಗೆ ತೋರಿಸಿದ್ದಂತೆ. ನಮ್ಮ ಕಡೆ ಅಣಬೆ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಬೆಳಕು ಹರಿಯುತ್ತಲೇ ಒಬ್ಬರೇ ಹೋಗಬೇಕು. ದಾರಿಯಲ್ಲಿ ಸಿಕ್ಕವರು ಕೇಳಿದರೆ ಎಮ್ಮೆ ಹುಡುಕುತ್ತಿದ್ದೇನೆ ಅನ್ನಬೇಕು. ಬರುವಾಗ ಬುಟ್ಟಿಯ ಮೇಲೆ ಸೊಪ್ಪು ಮುಚ್ಚಿಕೊಂಡು ಬೇರೆ ದಾರಿಯಲ್ಲಿ ಬರಬೇಕು. ಎಮ್ಮೆ ಹುಡುಕಲು ಹೋದವರು ಸೊಪ್ಪಿನ ಬುಟ್ಟಿ ಹೊತ್ತು ಬರುವುದು ಹೇಗೆ ಎಂದು ಊರಲ್ಲಿ ಯಾರೂ ಕೇಳುವುದಿಲ್ಲ, ಯಾಕೆಂದರೆ ಕೇಳುವವರ ಬುಟ್ಟಿಯಲ್ಲೂ ಸೊಪ್ಪೇ ಇರುತ್ತದೆ.

ಅತ್ತೆ ಆ ಜಾಗವನ್ನು ಸ್ವಂತ ಮಗಳಿಗೂ ಹೇಳಿರಲಿಲ್ಲ. "ನೀ ಕಾರವಾರದಲ್ಲಿ ಮೀನ್ ಪೇಟೆಲ್ಲೇ ನಾಕ್ ಜನ್ರ ಕೂಡೆ ಹೇಳ್ತಿ" ಎಂದು ಬಾಯಿ ಮುಚ್ಚಿಸಿದ್ದರು. ಈ ವರ್ಷ ಅವರ ಮೊಣಕಾಲು ಹಟ ಹಿಡಿಯಿತು, ಗುಡ್ಡೆ ಹತ್ತಲು ಆಗಲಿಲ್ಲ. ಜೂನ್ ತಿಂಗಳ ಒಂದು ಶನಿವಾರ ಸಂಜೆ ನಾವು ಅಲ್ಲಿಗೆ ಹೋಗಿದ್ದಾಗ ಅವರು ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದರು. "ನಿಮ್ಮ ಕೂಡೆ ಮಾತ್ರ ಹೇಳೂದು. ಇಪ್ಪತ್ತಾರು ವರ್ಷದಿಂದ ನೋಡ್ತಾ ಇದ್ದೆ, ನಿಮ್ಮ ಬಾಯಿಂದ ಒಂದು ಮಾತೂ ಹೊರಗೆ ಬೀಳೂದಿಲ್ಲ" ಎಂದರು. ನಿಜ ಹೇಳುತ್ತೇನೆ, ನನ್ನ ಕಣ್ಣು ತೇವವಾಯಿತು. ಮದುವೆಯ ದಿನವೂ ಆ ಮನೆಯಲ್ಲಿ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಗೇರು ಮರ, ಒಡೆದ ಕಲ್ಲು, ಅಲ್ಲಿಂದ ಎಡಕ್ಕೆ ಎಂದು ಅವರು ಗುರುತು ಹೇಳಿದರು. ಪರಶುರಾಮ ಬಂದು ಮಂತ್ರ ಉಪದೇಶಿಸಿದರೂ ನಾನು ಅಷ್ಟು ಭಕ್ತಿಯಿಂದ ಕೇಳುತ್ತಿರಲಿಲ್ಲವೇನೋ. ಅತ್ತೆ ನನ್ನ ಬಾಯಿಯನ್ನು ಇಪ್ಪತ್ತಾರು ವರ್ಷ ಪರೀಕ್ಷಿಸಿದ್ದರು. ಮಣಿಕಟ್ಟನ್ನು ಪರೀಕ್ಷಿಸಬೇಕು ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಭಾನುವಾರ ಬೆಳಗಾಗುತ್ತಲೇ ಹೊರಟೆ. ಗೇರು ಮರ ಸಿಕ್ಕಿತು, ಕಲ್ಲು ಸಿಕ್ಕಿತು, ಎಡಕ್ಕೆ ತಿರುಗಿದೆ. ಆಹಾ! ಹುತ್ತದ ಸುತ್ತ ಮೊಗ್ಗು, ಅರಳಿದ್ದು, ಅರೆ ಅರಳಿದ್ದು, ಕಾಲಿಡಲು ಜಾಗವಿಲ್ಲದಷ್ಟು. ನನ್ನ ಎದೆ ಡವಡವ ಎಂದಿತು. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಬ್ಬಿಸಿ ಬುಟ್ಟಿ ತುಂಬಿ, ಸೊಪ್ಪು ಮುಚ್ಚಿ, ಬೇರೆ ದಾರಿಯಲ್ಲಿ ಮನೆಗೆ ಬಂದೆ. ಅತ್ತೆ ಒಂದೊಂದನ್ನೂ ತಿರುಗಿಸಿ ನೋಡಿ ಆರಿಸಿ, ಕಾಯಿ ಹಾಕಿ ಮಸಾಲೆ ಅರೆದರು. ಆ ಪರಿಮಳಕ್ಕೆ ಬೆಕ್ಕು ಕೂಡ ಮೀನನ್ನು ಮರೆತು ಒಳಗೆ ಬಂದು ಕೂತಿತು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಫೋನು ಗುಂಯ್ ಗುಂಯ್ ಎನ್ನತೊಡಗಿತು.

ನೋಡುತ್ತೇನೆ, ಬಳಗದಲ್ಲಿ ನನ್ನ ನಕ್ಷೆ! ಅತ್ತೆಯ ಹಿತ್ತಲಿನಿಂದ ಹೊರಟ ಕೆಂಪು ಗೆರೆ ಗೇರು ಮರ ದಾಟಿ, ಕಲ್ಲು ಬಳಸಿ, ಎಡಕ್ಕೆ ತಿರುಗಿ, ಹುತ್ತದ ಮೇಲೆ ಒಂದು ದಪ್ಪ ಚುಕ್ಕೆಯಾಗಿ ನಿಂತಿತ್ತು. ಚುಕ್ಕೆಯ ಪಕ್ಕದಲ್ಲಿ "ಇಲ್ಲಿ ೨೨ ನಿಮಿಷ" ಎಂಬ ಟಿಪ್ಪಣಿ ಬೇರೆ. ಕೈಯಲ್ಲಿದ್ದ ತುತ್ತು ಬಟ್ಟಲಿಗೇ ಬಿತ್ತು. ಅಳಿಸೋಣವೆಂದರೆ ಗುಂಡಿ ಸಿಗಲಿಲ್ಲ. ಗಾಬರಿಯಲ್ಲಿ ಏನೋ ಒತ್ತಿದೆ, ಅದು ನನ್ನ ಫೋಟೋ ಬದಲಿಸಲೇ ಎಂದು ಕೇಳಿತು. ಸುಜಾತಾ ಬಗ್ಗಿ ನೋಡಿದವಳೇ, "ಹೋ! ಅವ್ವಿ ಜಾಗ ಇದಾ? ನಂಗೆ ಹೇಳಲಾಗದ್ದನ್ನ ಇಡೀ ಕಾರವಾರಕ್ಕೆ ಹೇಳಿದ್ರಲ್ಲ!" ಎಂದು ನಕ್ಕಳು. ಅತ್ತೆ ನಗಲಿಲ್ಲ. ವಿಷಯ ಅರ್ಥವಾದದ್ದೇ ಒಂದೇ ಪ್ರಶ್ನೆ ಕೇಳಿದರು. "ಹಮ್ಮಣ್ಣ ಅದ್ರಲ್ಲಿ ಇದ್ನಾ?"

ಇದ್ದ. ಹಮ್ಮಣ್ಣ ಅತ್ತೆಯ ಪಕ್ಕದ ಕೇರಿಯವ, ಕೆಲಸ ಕಾರವಾರದಲ್ಲಿ, ನಡಿಗೆ ನಮ್ಮ ಬಳಗದಲ್ಲಿ. ಅವನ ಅಪ್ಪ ನಮ್ಮತ್ತೆಯ ಹಿಂದೆ ಎಷ್ಟೋ ಮಳೆಗಾಲ ಹೊಂಚು ಹಾಕಿ ಬರಿಗೈಯಲ್ಲಿ ಮರಳಿದವನಂತೆ. ಅತ್ತೆ ಬಟ್ಟಲು ಕೆಳಗಿಟ್ಟು ಅಣಬೆಯ ಬುಟ್ಟಿಯನ್ನು ಬೋರಲು ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ಎರಡು ತಲೆಮಾರು ಕಾಪಾಡಿದ ಜಾಗವನ್ನು ನಾನು ಒಂದೇ ಬೆಳಿಗ್ಗೆಯಲ್ಲಿ ಹರಾಜಿಗೆ ಹಾಕಿದ್ದೆ. ಅಷ್ಟರಲ್ಲಿ ಹಮ್ಮಣ್ಣನ ಸಂದೇಶ ಬಂತು: "ಇದು ನಮ್ಮೂರ ಗುಡ್ಡೆ ಅಲ್ವಾ? ಅಲ್ಲಿ ನಿಮಗೆಂತಾ ಕೆಲ್ಸ?"

ಎಮ್ಮೆ ಹುಡುಕುತ್ತಿದ್ದೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಎಮ್ಮೆ ಎದುರಿಗೆ ಬಂದರೆ ನಾನು ಓಡುವವನೆಂದು ಬಳಗಕ್ಕೆಲ್ಲ ಗೊತ್ತು. ಆಗ ವಸಂತಣ್ಣನ ತನಿಖಾ ವರದಿ ಬಂತು. "ಕಿತೆಂ ಜಾಲೆಂ ರೇ? ಏನಾಯ್ತು? ಪೊದೆಯ ನಡುವೆ ಇಪ್ಪತ್ತೆರಡು ನಿಮಿಷ ಕೂತಿದ್ದೀರಿ. ಎದೆಬಡಿತ ಏರಿದೆ. ಹೋಗುವಾಗ ವೇಗ ಜಾಸ್ತಿ, ಬರುವಾಗ ನಿಧಾನ. ಹೊಟ್ಟೆ ಕೆಟ್ಟಿದೆಯೋ?"

ಓದಿ ನನ್ನ ಕಿವಿ ಬಿಸಿಯಾಯಿತು. ಇಲ್ಲ ಎಂದರೆ ಮತ್ತೇನು ಎಂದು ಹೇಳಬೇಕು. ಹೌದು ಎಂದರೆ ನಲವತ್ತು ಜನರೆದುರು, ಅದರಲ್ಲಿ ಹನ್ನೊಂದು ಮಂದಿ ಹೆಂಗಸರು, ನನ್ನ ಮಾನ ಆ ಗುಡ್ಡೆಯಲ್ಲೇ ಉಳಿಯುತ್ತದೆ. ಅತ್ತೆಯ ಮುಖ ನೋಡಿದೆ. "ಹೌದು" ಎಂದು ಒತ್ತಿದೆ.

ಬಳಗ ಉಕ್ಕಿ ಹರಿಯಿತು. ಮುರುಗಲ ಸಾರು ಕುಡಿಯಿರಿ, ದಾಳಿಂಬೆ ಸಿಪ್ಪೆ ಕುದಿಸಿ, ರಾತ್ರಿ ಏನು ತಿಂದಿದ್ದಿರಿ, ಏಡಿಯೋ ಚಿಪ್ಪಿಕಲ್ಲೋ? ಒಬ್ಬರು ಬಹಳ ಕಾಳಜಿಯಿಂದ "ಅತ್ತೆ ಮನೆಯಲ್ಲಿ ಪಾಯಖಾನೆ ಇಲ್ಲವೇ?" ಎಂದು ಕೇಳಿದರು. ಅತ್ತೆಯ ಮಾನವೂ ಹೋಗುವ ಹಾಗಾಯಿತು. "ಎರಡಿವೆ, ಅಲ್ಲಿಯವರೆಗೆ ಬರಲು ಆಗಲಿಲ್ಲ" ಎಂದು ಬರೆದು, ನನ್ನ ಮಾನದ ಕೊನೆಯ ಚೂರನ್ನೂ ಅರ್ಪಿಸಿದೆ. ಕೊನೆಗೆ ಹಮ್ಮಣ್ಣ ಬರೆದ: "ಪಾಪ, ನಮ್ಮನೆಗೆ ಬಂದಿದ್ರೆ ಮಜ್ಜಿಗೆ ಕೊಡ್ತಿದ್ದೆ. ಇವತ್ತು ಸಂಜೆ ಆ ಬದಿಗೆ ಸೌದೆ ತರೂಕೆ ಹೋಗುವ ಅಂತ ಇದ್ದೆ. ಇನ್ನು ಈ ಮಳೆಗಾಲ ಮುಗಿಯೂವರೆಗೆ ನಮ್ಮನೆಯವರ್ಯಾರೂ ಆ ಬದಿಗೆ ಕಾಲಿಡೂದಿಲ್ಲ."

ಸುಜಾತಾ ಅದನ್ನು ಜೋರಾಗಿ ಓದಿದಳು. ಅತ್ತೆ ಎರಡು ಸಲ ಓದಿಸಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದವರು, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ನನ್ನ ಬಟ್ಟಲಿಗೆ ಮತ್ತೆ ಎರಡು ಸೌಟು ಅಣಬೆ ಬಿತ್ತು. ಹೊಟ್ಟೆ ಕೆಟ್ಟವನೆಂದು ಕಾರವಾರವಿಡೀ ಮರುಗುತ್ತಿದ್ದಾಗ ನಾನು ಮೂರನೆಯ ಸಲ ಅನ್ನ ಹಾಕಿಸಿಕೊಂಡೆ.

ಸೋಮವಾರ ಕಚೇರಿಯಲ್ಲಿ ಮೇಜಿನ ಮೇಲೆ ಓಮದ ಪೊಟ್ಟಣ ಇತ್ತು. ದಂಡೆಯಲ್ಲಿ ನಡೆಯುವಾಗ ಬಳಗದವರು ನನಗಾಗಿ ದಾರಿ ಬಿಟ್ಟುಕೊಟ್ಟರು. ಇನ್ನು ಸಾಕು ಎಂದು ವಾಚಿನ ಅನುಮತಿಗಳನ್ನೆಲ್ಲ ರದ್ದು ಮಾಡಿ ಕಪಾಟಿನಲ್ಲಿ ಇಟ್ಟೆ. ಶುಕ್ರವಾರ ಮತ್ತೆ ಗುಡುಗಿತು. ಅತ್ತೆಯ ಫೋನು ಬಂತು, ದನಿ ಬಹಳ ಸಣ್ಣದಾಗಿತ್ತು. "ಭಾನ್ವಾರ ಬನ್ನಿ. ನನ್ನದು ಇನ್ನೊಂದು ಜಾಗ ಅದೆ, ದೊಡ್ಡದು. ಆ ಗಡಿಯಾರ ಮರೀಬೇಡಿ, ಕಟ್ಕಂಡೇ ಬರಬೇಕು. ಮತ್ತೆ ಈ ಸರ್ತಿ ಅರ್ಧ ತಾಸು ಕೂತ್ಕಳಿ."

ಏಳೂ ಪ್ರಶ್ನೆಗಳನ್ನು ಈ ಸಲ ಓದಿ ಮತ್ತೆ "ಅನುಮತಿಸು" ಒತ್ತಿದೆ. ಹೋಗಿ ಕೂತೆ.