ಉಪನಿಷತ್ತು ಓದದ ಕಾದಂಬರಿಕಾರ

ಪರದೇಶದಲ್ಲಿ ನೆಲೆಸಿದ ಮೇಲೆ ನಮ್ಮಂಥವರಿಗೆ ಒಂದು ಚಪಲ ಹತ್ತಿಕೊಳ್ಳುತ್ತದೆ. ಇಲ್ಲಿ ಯಾವ ಒಳ್ಳೆಯ ಸಂಗತಿ ಕಂಡರೂ ಅದರ ಬೇರು ನಮ್ಮ ಕಡೆ ಎಲ್ಲಿದೆ ಎಂದು ಹುಡುಕತೊಡಗುತ್ತೇವೆ. ಯೋಗ, ಸೊನ್ನೆ, ಅರಿಶಿನದ ಹಾಲು ಇವೆಲ್ಲ ನಿಜವಾಗಿಯೂ ನಮ್ಮವೇ ಆಗಿರುವುದರಿಂದ ಅಭ್ಯಾಸ ಬಲವಾಗಿಬಿಟ್ಟಿದೆ. ನಾನಂತೂ ಅಮೆರಿಕದ ನಾರ್ತ್‌ರಿಜ್‌ನ ನಮ್ಮ ಮನೆ ಹತ್ತಿರದ ಮೆಕ್ಸಿಕನ್ ಅಂಗಡಿಯಲ್ಲಿ ಹುಣಸೆಹಣ್ಣಿನ ಪಾನಕ ಕುಡಿದು, ಅದರ ಮೂಲವನ್ನು ಅಂಗಡಿಯವನಿಗೇ ವಿವರಿಸಿ ಬಂದವನು. ಪಾಪ, ಅವನು ಸುಮ್ಮನೆ ಕೇಳಿಸಿಕೊಂಡ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರು ಅಷ್ಟು ಸುಮ್ಮನಿರಲಿಲ್ಲ.

ಇದು ಪಾನಕಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೋವಿಡ್ ಗಲಾಟೆ ತಣ್ಣಗಾದ ಮೇಲೆ ನನ್ನ ಹೆಂಡತಿ ಮಾಲತಿ ಇಲ್ಲಿನ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಎಂ.ಎ.ಗೆ ಸೇರಿದಳು. ಹತ್ತೊಂಬತ್ತನೇ ಶತಮಾನದ ಒಬ್ಬ ಅಮೆರಿಕನ್ ಕಾದಂಬರಿಕಾರನ ಮೇಲೆ ಯಾವ ಧರ್ಮ, ಯಾವ ತತ್ತ್ವಶಾಸ್ತ್ರ ಪ್ರಭಾವ ಬೀರಿದವು ಎನ್ನುವುದು ಅವಳ ಥೀಸಿಸ್. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನದು ಏನೇನು ಓದಿದ್ದೀರಿ ಎಂದು ನೀವು ಕೇಳುತ್ತೀರಿ. ಊಟದ ಹೊತ್ತಿಗೆ ಅವಳು ಹೇಳುತ್ತಿದ್ದುದರಲ್ಲಿ ನನ್ನ ಕಿವಿಗೆ ಬಿದ್ದದ್ದಿಷ್ಟು: ಪಾಪದ ಭಯ ಹುಟ್ಟಿಸುವ ಚರ್ಚು, ಆ ಚರ್ಚಿನ ಜೊತೆ ಜೀವನವಿಡೀ ಜಗಳ, ಮೇಲೊಂದಿಷ್ಟು ಜರ್ಮನ್ ತತ್ತ್ವಜ್ಞಾನ. ಒಂದು ದಿನ, ಕಾಡಿನಲ್ಲಿ ದಾರಿ ತಪ್ಪಿದ ಅವನ ಪಾತ್ರವೊಂದಕ್ಕೆ ತಾನೂ ಆ ಕಾಡೂ ಬೇರೆಯಲ್ಲ ಅನ್ನಿಸುತ್ತದೆ ಎಂದಳು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಮಾಲು, ಇದು ಉಪನಿಷತ್ತು ಕಣೇ," ಎಂದೆ.

"ಅವನು ಅದನ್ನ ಓದಿದ್ದಕ್ಕೆ ಒಂದು ಸಾಕ್ಷಿನೂ ನಂಗೆ ಸಿಕ್ಕಿಲ್ಲ. ಸಾರು ಹಾಕ್ಲಾ?" ಎಂದಳು.

ಸಾರು ಹಾಕಿಸಿಕೊಂಡೆ, ಸಾಕ್ಷಿಯ ಮಾತು ಮರೆತೆ. ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್‌ಗಳಿಗೆ ಹೋದಲ್ಲೆಲ್ಲ, "ಅವನ ಮೇಲೆ ಉಪನಿಷತ್ತಿನ ಪ್ರಭಾವ ಇತ್ತು ಅಂತ ನಮ್ಮವಳು ಪ್ರೂವ್ ಮಾಡ್ತಾ ಇದಾಳೆ" ಎನ್ನುತ್ತಾ ಬಂದೆ. ಸುದ್ದಿ ಸ್ಯಾನ್ ಡಿಯಾಗೋ ಮುಟ್ಟಿತು. ಅಲ್ಲಿ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ತಮ್ಮ ಮನೆಯಲ್ಲಿ ಕನ್ನಡ ಓದುಗರ ಬಳಗ ನಡೆಸುವ ರಾಮಮೂರ್ತಿ ಅಂಕಲ್ ಮಾಲತಿಯನ್ನು ಮಾತಾಡಲು ಕರೆದರು. ಅವಳು ಖುಷಿಯಿಂದ ಒಪ್ಪಿದಳು. ಅವಳ ಮೊದಲ ಉಪನ್ಯಾಸವದು. ಫ್ಲೈಯರ್‌ಗೆ ಶೀರ್ಷಿಕೆ ಬೇಕೆಂದು ಅಂಕಲ್ ಮೆಸೇಜ್ ಮಾಡಿದಾಗ ಅವಳು ಕ್ಲಾಸಿನಲ್ಲಿದ್ದಳು. ನಾನೇ ಕಳಿಸಿಬಿಟ್ಟೆ. ಸಂಜೆಯ ಹೊತ್ತಿಗೆ ವಾಟ್ಸ್ಯಾಪ್‌ನಲ್ಲಿ ಬಂತು: ಮೇಲೆ ಓಂಕಾರ, ನಡುವೆ "ಅಮೆರಿಕನ್ ಕಾದಂಬರಿಯಲ್ಲಿ ಉಪನಿಷತ್ತಿನ ಬೆಳಕು", ಕೆಳಗೆ ಮಾಲತಿಯ ಫೋಟೋ, ಅದರ ಕೆಳಗೆ ಊಟದ ವ್ಯವಸ್ಥೆ ಇದೆ ಎಂಬ ಸೂಚನೆ.

ಮಾಲತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇಷ್ಟು ವರ್ಷದ ಮೇಲೆ ಒಂದು ಕೆಲಸ ನಂದು ಅಂತ ಮಾಡ್ತಾ ಇದೀನಿ. ಶೀರ್ಷಿಕೇಲಿರೋದು ಹೌದು ಅಂದ್ರೆ ಆ ಕೆಲಸಾನೇ ಸುಳ್ಳಾಗತ್ತೆ. ಇಲ್ಲ ಅಂದ್ರೆ ಅಷ್ಟು ಜನರ ಮುಂದೆ ನಿಮ್ಮ ಮಾನ ಹೋಗತ್ತೆ. ಯಾವ್ದು ಮಾಡ್ಲಿ, ನೀವೇ ಹೇಳಿ," ಎಂದಳು.

ನನಗೆ ನಾಚಿಕೆಯಾಯಿತು. ತಿದ್ದಿಸೋಣವೆಂದು ಅಂಕಲ್‌ಗೆ ಫೋನ್ ಮಾಡಿದೆ. ಅವರು, "ಬೇಗ ಬನ್ನಿ, ನಮ್ಮನೆಯವರು ಒಬ್ಬಟ್ಟು ಮಾಡ್ತಾ ಇದಾರೆ," ಎಂದರು. ಒಬ್ಬಟ್ಟಿನ ಎದುರು ನನಗೆ ನಾಲಿಗೆ ಏಳಲಿಲ್ಲ. ಶನಿವಾರ ಪುಳಿಯೋಗರೆಯ ಪಾತ್ರೆ ಇಟ್ಟುಕೊಂಡು, ಮಗಳನ್ನೂ ಕೂರಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಕಾರಿನಲ್ಲಿ ಮಾತಾಡಿದ್ದು ದಾರಿ ಹೇಳುವ ಫೋನ್ ಮಾತ್ರ.

ಅಂಕಲ್ ಮನೆಯಲ್ಲಿ ಬಳಗದವರೆಲ್ಲ ಸೇರಿದ ಮೇಲೆ ಮಾಲತಿ ಎದ್ದು ನಿಂತು, "ಶೀರ್ಷಿಕೆಯಲ್ಲಿರೋದು ನನಗೆ ಸಿಕ್ಕಿಲ್ಲ. ಸಿಕ್ಕಿದ್ದನ್ನ ಹೇಳ್ತೀನಿ," ಎಂದು ಶುರುಮಾಡಿದಳು. ತನ್ನನ್ನು ನರಕಕ್ಕೆ ಹಾಕಬಹುದಾದ ದೇವರನ್ನು ಪ್ರೀತಿಸಲು ಹೆಣಗಿದ, ಬಿಟ್ಟುಬಿಡಲೂ ಆಗದ ಒಬ್ಬ ಮನುಷ್ಯನ ಕಥೆ ಹೇಳಿದಳು. ಆ ಹೆಣಗಾಟವೇ ಅವನ ಪಾತ್ರಗಳಾದವು ಎಂದಳು. ಅಡುಗೆಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತಿದ್ದರೂ ಯಾರೂ ಅತ್ತ ನೋಡಲಿಲ್ಲ. ಅವಳ ಮಾತನ್ನು ನಾನು ಪೂರ್ತಿ ಕೇಳಿದ್ದು ಅವತ್ತೇ ಮೊದಲು. ತುಂಬ ಹೆಮ್ಮೆಯಾಯಿತು. ಮನೆಯಲ್ಲೇ ಕೇಳಬಹುದಿತ್ತಲ್ಲ ಎಂದು ಬೇಜಾರೂ ಆಯಿತು.

ಚಪ್ಪಾಳೆ ನಿಂತ ಮೇಲೆ ಅಂಕಲ್ ನನ್ನತ್ತ ತಿರುಗಿದರು. "ಆದ್ರೂ ನಿಮಗೆ ಹೋಲಿಕೆ ಕಂಡಿದೆ ಅಂದ್ರೆ ಏನೋ ಇರ್ಬೇಕು. ಯಾವ ಉಪನಿಷತ್ತು?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು.

ನಾನು ಕೆಮ್ಮಿದೆ. ನೀರು ಕುಡಿದೆ. "ಎಲ್ಲದರಲ್ಲೂ ಇದೆಯಲ್ಲ ಅಂಕಲ್," ಎಂದೆ.

ಮೂಲೆಯಲ್ಲಿ ಕೂತಿದ್ದ ಮಗಳು ತಲೆಯೆತ್ತಿ, "ಡ್ಯಾಡ್, ಹ್ಯಾವ್ ಯು ಆಕ್ಚುಯಲಿ ರೆಡ್ ಒನ್? ಒಂದಾದ್ರೂ ಓದಿದೀಯಾ?" ಎಂದಳು. ಮೊದಲು ನಕ್ಕವಳು ಮಾಲತಿ. ಫ್ಲೈಯರ್ ಬಂದ ದಿನದಿಂದ ಅವಳು ನಕ್ಕಿರಲಿಲ್ಲ. ಮಾನ ಹೋದರೆ ಹೋಗಲಿ ಅನ್ನಿಸಿತು.

ಈಗ ಬೆಳಗ್ಗೆ ಕಾಫಿ ಜೊತೆ ಉಪನಿಷತ್ತು ಓದುತ್ತಿದ್ದೇನೆ, ಲೈಬ್ರರಿಯಲ್ಲಿ ಸಿಕ್ಕ ಇಂಗ್ಲಿಷ್ ಅನುವಾದದಲ್ಲಿ. ಕಷ್ಟ ಬಂದಲ್ಲಿ ಮಾಲತಿ ಹೇಳಿಕೊಡುತ್ತಾಳೆ. ಮುಂದೊಂದು ದಿನ ನನ್ನ ಮೇಲಾದ ಧಾರ್ಮಿಕ ಪ್ರಭಾವಗಳ ಬಗ್ಗೆ ಯಾರಾದರೂ ಥೀಸಿಸ್ ಬರೆಯುವುದಾದರೆ ಅವರಿಗೆ ಸಾಕ್ಷಿ ಹುಡುಕುವ ಕಷ್ಟ ಬೇಡ. ಉಪನಿಷತ್ತು ಆ ಅಮೆರಿಕನ್ನನ ಬಳಿ ಹೋಗಿತ್ತೋ ಇಲ್ಲವೋ ಗೊತ್ತಿಲ್ಲ. ನನ್ನನ್ನು ಉಪನಿಷತ್ತಿನ ಬಳಿ ಅಟ್ಟಿದವನು ಮಾತ್ರ ಅವನೇ.